ಹಸುವಿನ ಕಿವಿಯೋಲೆ ಎಲ್ಲರಿಗೂ ಕಾಣಲಿ, ನಿಮ್ಮ ಆಧಾರ್ ಸಂಖ್ಯೆ ಬೇಡ



ನಿಮ್ಮ ಕೊಟ್ಟಿಗೆಯ ರಾಸುಗಳ ಕಿವಿಯಲ್ಲಿ ಹಳದಿ ಓಲೆ ಇದೆಯಲ್ಲವೇ? ಅದರ ಮೇಲೆ 12 ಅಂಕಿಗಳಿವೆ. ನಿಮ್ಮ ಆಧಾರ್ ಕಾರ್ಡಿನ ಮೇಲೂ 12 ಅಂಕಿಗಳಿವೆ. ಹಾಗಾಗಿಯೇ ಕಿವಿಯೋಲೆಗೆ ‘ಪಶು ಆಧಾರ್’ ಎಂಬ ಹೆಸರೂ ಬಂದಿದೆ. ನೋಡಲು ಎರಡೂ ಒಂದೇ ಬಗೆಯ ಸಂಖ್ಯೆಗಳು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ.

ಹಸುವಿನ ಓಲೆ ಇರುವುದೇ ಎಲ್ಲರಿಗೂ ಕಾಣಲಿ ಎಂದು. ಕಾಲುಬಾಯಿ ಜ್ವರದ ಲಸಿಕೆ ಹಾಕುವವರು, ಕೃತಕ ಗರ್ಭಧಾರಣೆ ಮಾಡುವವರು, ವಿಮೆ ಕಂಪನಿಯವರು ಎಲ್ಲರೂ ಅದನ್ನು ಓದಬೇಕು. ಓಲೆ ಬಿದ್ದುಹೋದರೆ ವಿಮೆ ಪರಿಹಾರಕ್ಕೇ ತೊಂದರೆ. ಆ ಸಂಖ್ಯೆ ಯಾರಿಗೆ ಗೊತ್ತಾದರೂ ಹಸುವಿಗೆ ನಷ್ಟವಿಲ್ಲ. ಅದಕ್ಕೆ ಬ್ಯಾಂಕ್ ಖಾತೆಯೂ ಇಲ್ಲ, ಮೊಬೈಲೂ ಇಲ್ಲ.

ನಿಮ್ಮ ಸಂಖ್ಯೆ ಹಾಗಲ್ಲ. ಅದಕ್ಕೆ ನಿಮ್ಮ ಬ್ಯಾಂಕ್ ಖಾತೆ, ಪಡಿತರ ಚೀಟಿ, ಪಹಣಿ, ಮೊಬೈಲ್ ಮತ್ತು ಬೆರಳಚ್ಚು ಹೊಂದಿಕೊಂಡಿವೆ. ಅದನ್ನು ಯಾರಿಗೆ, ಯಾವಾಗ, ಎಷ್ಟು ತೋರಿಸಬೇಕು ಎಂಬುದನ್ನು ಈ ತಿಂಗಳ ಪಾಠದಲ್ಲಿ ತಿಳಿಯೋಣ.

ಈ ವರ್ಷ ಎಷ್ಟು ಜೆರಾಕ್ಸ್ ಕೊಟ್ಟಿದ್ದೀರಿ?

ಒಮ್ಮೆ ಲೆಕ್ಕ ಹಾಕಿ ನೋಡಿ. ನೀವು ಯಾವುದೋ ಕೆಲಸಕ್ಕೆ ಹರಿಹರದ ಕಡೆಯ ಹಳ್ಳಿಯಿಂದ ದಾವಣಗೆರೆಗೆ ಬರುತ್ತೀರಿ. ಕೆ.ಬಿ. ಬಡಾವಣೆಯಲ್ಲೋ, ಬಸ್ ನಿಲ್ದಾಣದ ಹತ್ತಿರವೋ ಒಂದು ಜೆರಾಕ್ಸ್ ಅಂಗಡಿಗೆ ಹೋಗಿ ಆಧಾರ್ ಕಾರ್ಡ್ ಕೊಡುತ್ತೀರಿ. ಮೊದಲ ಪ್ರತಿ ಮಸುಕಾಗಿ ಬರುತ್ತದೆ. ಅಂಗಡಿಯ ಹುಡುಗ ಅದನ್ನು ಮುದುರಿ ಪಕ್ಕದ ಡಬ್ಬಕ್ಕೆ ಹಾಕಿ ಇನ್ನೆರಡು ತೆಗೆದುಕೊಡುತ್ತಾನೆ. ನೀವು ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದು ಇರಲಿ ಎಂದು ಜೇಬಿನಲ್ಲಿಡುತ್ತೀರಿ. ಕಾರ್ಡ್ ಮನೆಯಲ್ಲೇ ಮರೆತಿದ್ದರೆ ಮಗನಿಗೆ ಫೋನ್ ಮಾಡಿ, ಫೋಟೋ ತೆಗೆದು ಅಂಗಡಿಯವರ ವಾಟ್ಸಾಪಿಗೆ ಕಳಿಸಲು ಹೇಳುತ್ತೀರಿ.

ಒಂದು ಕೆಲಸ ಮುಗಿಯುವಷ್ಟರಲ್ಲಿ ನಿಮ್ಮ ಸಂಖ್ಯೆ ಮೂರು ನಾಲ್ಕು ಕಡೆ ಉಳಿದಿದೆ: ಕಸದ ಡಬ್ಬದಲ್ಲಿ, ಕಚೇರಿಯ ಕಡತದಲ್ಲಿ, ಅಂಗಡಿಯವರ ಮೊಬೈಲಿನಲ್ಲಿ, ನಿಮ್ಮ ಜೇಬಿನಲ್ಲಿ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲದಿರಬಹುದು. ಆದರೆ ನಿಮ್ಮ ಲೆಕ್ಕಕ್ಕೆ ಸಿಗದ ಪ್ರತಿಗಳು ಹೊರಗೆ ಉಳಿದವು ಎಂಬುದಂತೂ ನಿಜ.

ಹಾಲಿನ ಲೆಕ್ಕದಲ್ಲಿ ನಾವು ಹೀಗೆ ಮಾಡುವುದಿಲ್ಲ. ನೂರು ಮಿಲಿ ಕಡಿಮೆ ಬಂದರೂ ಕೇಳುತ್ತೇವೆ, ಫ್ಯಾಟ್ ಒಂದು ಅಂಕಿ ಇಳಿದರೂ ಚೀಟಿ ತೋರಿಸಿ ವಿಚಾರಿಸುತ್ತೇವೆ. ಆಧಾರ್ ವಿಷಯದಲ್ಲೂ ಅದೇ ಎಚ್ಚರ ಬೇಕು.

ನ್ಯಾಯಾಲಯ ಏನು ಹೇಳಿದೆ?

ಆಧಾರ್ ನೀಡುವ ಪ್ರಾಧಿಕಾರ 2009ರಲ್ಲಿ ಸ್ಥಾಪನೆಯಾಯಿತು. ಅದರ ಮೊದಲ ಅಧ್ಯಕ್ಷರು ನಮ್ಮ ಬೆಂಗಳೂರಿನ ನಂದನ್ ನಿಲೇಕಣಿ. ಮೊದಲ ಆಧಾರ್ ಸಂಖ್ಯೆಯನ್ನು 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ತೆಂಭ್ಲಿ ಎಂಬ ಹಳ್ಳಿಯಲ್ಲಿ ಕೊಡಲಾಯಿತು.

ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರಲ್ಲಿ ಮೊದಲಿಗರೂ ಕನ್ನಡ ನಾಡಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ ಅರ್ಜಿ ಹಾಕಿದರು. ಆಗ ಆಧಾರ್‌ಗೆ ಸಂಸತ್ತಿನ ಕಾನೂನೇ ಇರಲಿಲ್ಲ. ಕಾನೂನಿಲ್ಲದೆ ಜನರ ಬೆರಳಚ್ಚು, ಕಣ್ಣಿನ ಗುರುತು ಪಡೆಯುವುದು ಸರಿಯೇ ಎಂಬುದು ಅವರ ಪ್ರಶ್ನೆಯಾಗಿತ್ತು. ಆಧಾರ್ ಕಾಯ್ದೆ ಬಂದದ್ದು 2016ರಲ್ಲಿ.

ವಿಚಾರಣೆ ವೇಳೆ, ಖಾಸಗಿತನ ಎಂಬುದು ಸಂವಿಧಾನದ ಮೂಲಭೂತ ಹಕ್ಕೇ ಅಲ್ಲ ಎಂದು ಕೇಂದ್ರ ಸರ್ಕಾರ ವಾದಿಸಿತು. ಅದನ್ನು ತೀರ್ಮಾನಿಸಲು ಒಂಬತ್ತು ನ್ಯಾಯಮೂರ್ತಿಗಳ ಪೀಠ ಕುಳಿತಿತು. 2017ರ ಆಗಸ್ಟ್ 24ರಂದು ಒಂಬತ್ತೂ ಮಂದಿ ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. ಈ ಹಕ್ಕು ಶ್ರೀಮಂತರಿಗೆ ಮಾತ್ರವಲ್ಲ, ಎರಡು ಹಸು ಕಟ್ಟಿಕೊಂಡವರಿಗೂ ಇದೆ. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರ ಹೆಸರಿನ ಆ ತೀರ್ಪು ಇಂದಿಗೂ ನಮಗೆಲ್ಲ ರಕ್ಷಣೆಯಾಗಿದೆ.

ಮುಂದೆ 2018ರ ಸೆಪ್ಟೆಂಬರ್ 26ರಂದು ಐವರು ನ್ಯಾಯಮೂರ್ತಿಗಳ ಪೀಠ, ನಾಲ್ವರ ಬಹುಮತದಿಂದ, ಆಧಾರ್ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಅದಕ್ಕೆ ಮಿತಿಯನ್ನೂ ಹಾಕಿತು. ನಮಗೆ ಬೇಕಾದ ಮುಖ್ಯಾಂಶಗಳು ಇವು:

1. ಸರ್ಕಾರದ ಖಜಾನೆಯಿಂದ ಬರುವ ಸಹಾಯಧನ, ಸವಲತ್ತುಗಳಿಗೆ ಸರ್ಕಾರ ಆಧಾರ್ ಕೇಳಬಹುದು.
2. ಆದಾಯ ತೆರಿಗೆಯ ಪಾನ್ ಸಂಖ್ಯೆಗೆ ಆಧಾರ್ ಜೋಡಣೆ ಕಡ್ಡಾಯ ಎಂಬುದು ಉಳಿಯಿತು.
3. ಮೊಬೈಲ್ ಸಿಮ್‌ಗೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಕಡ್ಡಾಯ ಎಂಬುದು ರದ್ದಾಯಿತು. 2019ರ ತಿದ್ದುಪಡಿಯ ಪ್ರಕಾರ ನೀವು ಇಷ್ಟಪಟ್ಟು ಕೊಡಬಹುದು.
4. ಶಾಲೆಗೆ ಮಕ್ಕಳನ್ನು ಸೇರಿಸಲು ಆಧಾರ್ ಕಡ್ಡಾಯವಲ್ಲ. ಆಧಾರ್ ಇಲ್ಲವೆಂದು ಮಕ್ಕಳ ಸವಲತ್ತು ತಪ್ಪಿಸುವಂತಿಲ್ಲ.

ಪ್ರೋತ್ಸಾಹಧನಕ್ಕೆ ಕೊಡಲೇಬೇಕು, ಆದರೆ ಹೇಗೆ?

‘ಹಾಗಾದರೆ ನಾನು ಸಂಘಕ್ಕೂ ಆಧಾರ್ ಕೊಡುವುದಿಲ್ಲ’ ಎಂದು ಹಟ ಹಿಡಿಯಬೇಡಿ. ರಾಜ್ಯ ಸರ್ಕಾರ ಲೀಟರಿಗೆ ಇಷ್ಟೆಂದು ಕೊಡುವ ಪ್ರೋತ್ಸಾಹಧನ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ನೇರವಾಗಿ ಬರುತ್ತದೆ. ಇದು ಮೇಲಿನ ಮೊದಲ ಅಂಶದಲ್ಲಿ ಹೇಳಿದ ಸವಲತ್ತು. ಇಲ್ಲಿ ಪೂರ್ಣ ಸಂಖ್ಯೆ ಬೇಕು. ನಡುವೆ ಯಾರ ಕೈಯೂ ಇಲ್ಲದೆ ಹಣ ನಿಮಗೇ ಸೇರುತ್ತದೆ ಎಂಬುದು ಇದರ ದೊಡ್ಡ ಲಾಭ.

ಆದರೆ ಕೊಡುವಾಗ ಮೂರು ಕ್ರಮ ಪಾಲಿಸಿ.

ಮೊದಲನೆಯದು: ಪ್ರತಿಯ ಮೇಲೆ ಅಡ್ಡಲಾಗಿ ‘ಹಾಲಿನ ಪ್ರೋತ್ಸಾಹಧನ ನೋಂದಣಿಗೆ ಮಾತ್ರ’ ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಿ. ಬರಹ ಫೋಟೋ ಮತ್ತು ಅಕ್ಷರಗಳ ಮೇಲೆ ಹಾದುಹೋಗಲಿ. ಆಗ ಅದೇ ಪ್ರತಿಯನ್ನು ಬೇರೆ ಕೆಲಸಕ್ಕೆ ಬಳಸುವುದು ಕಷ್ಟ.

ಎರಡನೆಯದು: ಹಣ ಯಾವ ಖಾತೆಗೆ ಹೋಗುತ್ತದೆ ಎಂದು ಖಚಿತಪಡಿಸಿಕೊಳ್ಳಿ. ನಿಮಗೆ ಎರಡು ಮೂರು ಬ್ಯಾಂಕುಗಳಲ್ಲಿ ಖಾತೆ ಇದ್ದರೆ, ಕೊನೆಯದಾಗಿ ಯಾವುದಕ್ಕೆ ಆಧಾರ್ ಜೋಡಣೆಯಾಗಿದೆಯೋ ಅದಕ್ಕೇ ಸಹಾಯಧನ ಜಮೆಯಾಗುತ್ತದೆ. ‘ಪ್ರೋತ್ಸಾಹಧನ ಬಂದಿಲ್ಲ’ ಎಂದು ಸಂಘಕ್ಕೆ ಬರುವ ಮೊದಲು ಹಳೆಯ ಖಾತೆಗಳ ಪಾಸ್‌ಬುಕ್ಕನ್ನೂ ಒಮ್ಮೆ ನೋಡಿ.

ಮೂರನೆಯದು: ನಿಮ್ಮ ಆಧಾರ್‌ಗೆ ಯಾರ ಮೊಬೈಲ್ ಸಂಖ್ಯೆ ಜೋಡಣೆಯಾಗಿದೆ ಎಂದು ನೋಡಿಕೊಳ್ಳಿ. ನಮ್ಮ ಸಹೋದರಿಯರಿಗೆ ಇದು ಬಹಳ ಮುಖ್ಯ. ಹಾಲು ಹಾಕುವವರು ನೀವು, ಖಾತೆ ನಿಮ್ಮದು, ಆದರೆ ಓಟಿಪಿ ಹೋಗುವುದು ಇನ್ಯಾರದೋ ಫೋನಿಗೆ ಎಂದಾದರೆ ನಿಮ್ಮ ಹಣದ ಸುದ್ದಿ ನಿಮಗೇ ಗೊತ್ತಾಗುವುದಿಲ್ಲ. ಆಧಾರ್ ಕೇಂದ್ರಕ್ಕೆ ಹೋಗಿ ನಿಮ್ಮದೇ ಸಂಖ್ಯೆ ಹಾಕಿಸಿ.

ಎಲ್ಲ ಕಡೆಯೂ ಪೂರ್ಣ ಸಂಖ್ಯೆ ಬೇಕಿಲ್ಲ

ಗುರುತು, ವಿಳಾಸ ತೋರಿಸಲು ಮಾತ್ರ ಕೇಳುವ ಕಡೆಗಳು ಬಹಳ. ಅಲ್ಲಿ ಬೇರೆ ದಾರಿಗಳಿವೆ. ಮತದಾರರ ಗುರುತಿನ ಚೀಟಿ, ಚಾಲನಾ ಪರವಾನಗಿ, ಉದ್ಯೋಗ ಖಾತರಿಯ ಜಾಬ್ ಕಾರ್ಡ್ ಇವೂ ಬ್ಯಾಂಕ್ ಖಾತೆ ತೆರೆಯಲು ರಿಸರ್ವ್ ಬ್ಯಾಂಕ್ ಒಪ್ಪಿರುವ ದಾಖಲೆಗಳೇ.

ಆಧಾರನ್ನೇ ಕೊಡಬೇಕೆಂದರೆ ಅಂಕಿ ಮುಚ್ಚಿದ ಆಧಾರ್ ಪ್ರತಿ ಕೊಡಿ. ಇದನ್ನು ‘ಮಾಸ್ಕ್ಡ್ ಆಧಾರ್’ ಎನ್ನುತ್ತಾರೆ. ಇದರಲ್ಲಿ ಮೊದಲ ಎಂಟು ಅಂಕಿ ಮರೆಯಾಗಿ ಕೊನೆಯ ನಾಲ್ಕು ಮಾತ್ರ ಕಾಣುತ್ತವೆ. ಪ್ರಾಧಿಕಾರದ ಜಾಲತಾಣದಿಂದ ಹಣವಿಲ್ಲದೆ ಇಳಿಸಿಕೊಳ್ಳಬಹುದು. ಓದಿದ ಮಗಳೋ ಮಗನೋ ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಆದರೆ ಇದನ್ನು ಸೈಬರ್ ಅಂಗಡಿಯಲ್ಲಿ ಮಾಡಿಸಿದರೆ ಒಂದು ಮಾತು ನೆನಪಿರಲಿ. ಇಳಿಸಿಕೊಂಡ ಕಡತ ಆ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಅದರ ಗುಪ್ತಪದ ನಿಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ನಿಮ್ಮ ಹುಟ್ಟಿದ ವರ್ಷ, ಅಷ್ಟೇ. ನಿಮ್ಮನ್ನು ಬಲ್ಲ ಯಾರಿಗಾದರೂ ಅದು ತಿಳಿದೀತು. ಆದ್ದರಿಂದ ‘ತಮ್ಮಾ, ಪ್ರಿಂಟ್ ಬಂತಲ್ಲ, ಆ ಫೈಲ್ ನನ್ನ ಎದುರಿಗೇ ಅಳಿಸಿಬಿಡಪ್ಪ’ ಎಂದು ಕೇಳಿ. ಕೆಟ್ಟ ಪ್ರತಿಯನ್ನೂ ಕೇಳಿ ಪಡೆದು ಹರಿದುಹಾಕಿ. ಇದರಲ್ಲಿ ಸಂಕೋಚವೇನೂ ಬೇಡ.

2022ರ ಮೇ ತಿಂಗಳಲ್ಲಿ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ, ಆಧಾರ್ ಜೆರಾಕ್ಸ್ ಎಲ್ಲರಿಗೂ ಕೊಡಬೇಡಿ, ಅಂಕಿ ಮುಚ್ಚಿದ ಪ್ರತಿ ಕೊಡಿ ಎಂದು ಪ್ರಕಟಣೆ ಹೊರಡಿಸಿತ್ತು. ಜನರಿಗೆ ತಪ್ಪು ಅರ್ಥವಾದೀತು ಎಂದು ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ಹಿಂಪಡೆಯಿತು. ಆಧಾರ್ ಬಳಸುವಾಗ, ಹಂಚಿಕೊಳ್ಳುವಾಗ ಸಾಮಾನ್ಯ ಎಚ್ಚರವಿದ್ದರೆ ಸಾಕು ಎಂದಿತು. ಆ ಸಾಮಾನ್ಯ ಎಚ್ಚರವನ್ನೇ ನಾವು ಇಲ್ಲಿ ಹೇಳುತ್ತಿರುವುದು.

ಬೆರಳಚ್ಚು ಕದ್ದರೆ ಬದಲಿಸಲಾಗದು

ಸಂಖ್ಯೆ ಗೊತ್ತಾದ ಮಾತ್ರಕ್ಕೆ ಯಾರೂ ನಿಮ್ಮ ಹಣ ತೆಗೆಯಲಾರರು. ಸಂಖ್ಯೆಯ ಜೊತೆಗೆ ಬೆರಳಚ್ಚೂ ಸಿಕ್ಕಿದರೆ ಮಾತ್ರ ಕಷ್ಟ.

ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರು ಚಿಕ್ಕ ಯಂತ್ರ ಹಿಡಿದು ಹಣ ಕೊಡುವುದನ್ನು ನೋಡಿದ್ದೀರಿ. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಈ ಮೂರಿದ್ದರೆ ಸಾಕು, ಒಂದು ಬಾರಿಗೆ ಸಾಮಾನ್ಯವಾಗಿ 10,000 ರೂಪಾಯಿವರೆಗೆ ಸಿಗುತ್ತದೆ. ಎಟಿಎಂ ಕಾರ್ಡೂ ಬೇಡ, ಓಟಿಪಿಯೂ ಬೇಡ. ಓಡಾಡಲಾಗದ ಹಿರಿಯರಿಗೆ ಇದು ದೊಡ್ಡ ಅನುಕೂಲ. ಕಳ್ಳರಿಗೂ ಅದೇ ಅನುಕೂಲವಾಯಿತು.

2023ರಲ್ಲಿ ಬೆಂಗಳೂರು, ಮಂಗಳೂರು ಕಡೆ ಹಲವರು ಪೊಲೀಸರ ಬಳಿ ಒಂದೇ ಬಗೆಯ ದೂರು ತಂದರು. ಅವರು ಯಾರಿಗೂ ಓಟಿಪಿ ಹೇಳಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ. ಆದರೂ ಬೆರಳಚ್ಚಿನ ಮೂಲಕ ಹಣ ಹೋಗಿತ್ತು. ಅವರಲ್ಲಿ ಅನೇಕರು ಕೆಲ ದಿನಗಳ ಹಿಂದೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದರು. ನೋಂದಣಿ ಪತ್ರದಲ್ಲಿ ಹೆಬ್ಬೆಟ್ಟಿನ ಗುರುತೂ ಆಧಾರ್ ವಿವರವೂ ಒಟ್ಟಿಗೇ ಇರುತ್ತಿದ್ದವು. ‘ಕಾವೇರಿ’ ತಂತ್ರಾಂಶದಿಂದ ಅಂಥ ಪತ್ರಗಳ ಪ್ರತಿ ಪಡೆದು, ಬೆರಳಚ್ಚಿನ ನಕಲಿ ಅಚ್ಚು ಮಾಡಿ ವಂಚಕರು ಹಣ ತೆಗೆಯುತ್ತಿದ್ದುದು ತನಿಖೆಯಲ್ಲಿ ಕಂಡುಬಂತು. ಬಿಹಾರದ ಕೆಲವರು ಬಂಧನಕ್ಕೊಳಗಾದರು. ಆ ಬಳಿಕ ಇಲಾಖೆ, ಹೊರಗೆ ಕೊಡುವ ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮಾಡುವ ಕ್ರಮ ಕೈಗೊಂಡಿತು.

ಈ ಪ್ರಕರಣದಿಂದ ನಾವು ಕಲಿಯಬೇಕಾದದ್ದು ಇದು. ಆ ಜನರು ತಪ್ಪು ಮಾಡಿರಲಿಲ್ಲ. ಸರ್ಕಾರಿ ಕಚೇರಿ ಕೇಳಿದ್ದನ್ನು ಕೊಟ್ಟಿದ್ದರು. ಕೊಟ್ಟಿದ್ದನ್ನು ಜೋಪಾನ ಮಾಡುವ ಹೊಣೆ ಕೇಳಿದವರದು. ಆ ಹೊಣೆ ಸಡಿಲವಾದರೆ ನಷ್ಟವಾಗುವುದು ಕೊಟ್ಟವರಿಗೆ. ಎಟಿಎಂ ಪಿನ್ ಕದ್ದರೆ ಬದಲಿಸಬಹುದು, ಬೆರಳು ಬದಲಿಸಲು ಆಗುತ್ತದೆಯೇ?

ಇದಕ್ಕೆ ಪರಿಹಾರವಿದೆ. ಪ್ರಾಧಿಕಾರದ ಜಾಲತಾಣದಲ್ಲಿ ಅಥವಾ ಆ್ಯಪಿನಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದು. ಇದಕ್ಕೆ ‘ಬಯೋಮೆಟ್ರಿಕ್ ಲಾಕ್’ ಎಂದು ಹೆಸರು. ಬೀಗ ಹಾಕಿದ ಮೇಲೆ ನಿಮ್ಮ ಬೆರಳಚ್ಚಿನಿಂದ ಯಾರೂ ಹಣ ತೆಗೆಯಲಾರರು. ಆದರೆ ನೆನಪಿಡಿ, ನೀವೂ ತೆಗೆಯಲಾರಿರಿ. ಪಡಿತರ ಅಂಗಡಿಯಲ್ಲೂ ಬೆರಳು ಹೊಂದುವುದಿಲ್ಲ. ಬೇಕಾದಾಗ ತಾತ್ಕಾಲಿಕವಾಗಿ ಬೀಗ ತೆಗೆಯಬೇಕು. ಆದ್ದರಿಂದ ಮನೆಯಲ್ಲಿ ಯಾರು ರೇಷನ್ ತರುತ್ತಾರೆ, ಯಾರು ಬೆರಳು ಒತ್ತಿ ಹಣ ಪಡೆಯುತ್ತಾರೆ ಎಂದು ನೋಡಿಕೊಂಡು ಉಳಿದವರಿಗೆ ಬೀಗ ಹಾಕಿಸಿ.

ಬೆರಳು ಒತ್ತುವಾಗಲೂ ಎಚ್ಚರವಿರಲಿ. ‘ಸರ್ವರ್ ಇಲ್ಲ ಅಜ್ಜಾ, ಇನ್ನೊಂದು ಸಲ ಒತ್ತಿ’ ಎಂದರೆ ಮೊದಲು ಮೊಬೈಲಿಗೆ ಸಂದೇಶ ಬಂದಿದೆಯೇ ನೋಡಿ. ಪ್ರತಿ ಬಾರಿ ರಸೀದಿ ಕೇಳಿ. ಒಂದೊಂದು ಒತ್ತೂ ಒಂದೊಂದು ಸಹಿ ಇದ್ದಂತೆ.

ಬೆರಳು ಸವೆದಿದ್ದರೆ ಹಕ್ಕು ಸವೆಯುವುದಿಲ್ಲ

ದಿನಕ್ಕೆರಡು ಸಲ ಹಾಲು ಕರೆದು, ಸೆಗಣಿ ಬಾಚಿ, ಮೇವು ಕೊಯ್ದ ಕೈಗಳ ಗೆರೆ ಸವೆದಿರುವುದು ಸಹಜ. ಯಂತ್ರ ‘ಹೊಂದುತ್ತಿಲ್ಲ’ ಎನ್ನುತ್ತದೆ. ಅದು ನಿಮ್ಮ ತಪ್ಪಲ್ಲ. ಆಧಾರ್ ಇಲ್ಲದ ಕಾರಣಕ್ಕೆ ಯಾರಿಗೂ ತೊಂದರೆಯಾಗಬಾರದು ಎಂದು ಸುಪ್ರೀಂ ಕೋರ್ಟ್ 2013ರ ಸೆಪ್ಟೆಂಬರ್ 23ರ ಮಧ್ಯಂತರ ಆದೇಶದಲ್ಲೇ ಹೇಳಿತ್ತು. ಬೆರಳಚ್ಚು ಹೊಂದದಿದ್ದರೂ ಅರ್ಹರಿಗೆ ಸವಲತ್ತು ತಪ್ಪಬಾರದು ಎಂಬುದು 2018ರ ತೀರ್ಪಿನ ಆಶಯವೂ ಹೌದು. ಬೆರಳು ಹೊಂದದಿದ್ದರೆ ಕಣ್ಣಿನ ಗುರುತು, ಓಟಿಪಿ ಮುಂತಾದ ಬೇರೆ ವಿಧಾನ ಕೇಳಿ. ‘ಆಗಲ್ಲ’ ಎಂದರೆ ಅದನ್ನೇ ಬರವಣಿಗೆಯಲ್ಲಿ ಕೊಡಲು ಕೇಳಿ.

ಸಂಘದ ಆಡಳಿತ ಮಂಡಳಿ ಮತ್ತು ಸಿಬ್ಬಂದಿಗೆ

ಈವರೆಗೆ ಕೊಡುವವರಿಗೆ ಹೇಳಿದೆವು. ಈಗ ಪಡೆಯುವವರ ಸರದಿ. ನಮ್ಮ ಸಂಘಗಳೂ ಸದಸ್ಯರ ಆಧಾರ್ ಪ್ರತಿಗಳನ್ನು ಇಟ್ಟುಕೊಂಡಿವೆ. ಬೇರೆ ಕಚೇರಿಗಳ ತಪ್ಪು ಹೇಳುವ ಮೊದಲು ನಮ್ಮ ಬೀರು ಸರಿಯಾಗಿದೆಯೇ ನೋಡಿಕೊಳ್ಳೋಣ.

• ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವುದನ್ನು ಆಧಾರ್ ಕಾಯ್ದೆಯ 29ನೇ ಕಲಂ ನಿಷೇಧಿಸಿದೆ. ಫಲಾನುಭವಿಗಳ ಪಟ್ಟಿಯನ್ನು ಸೂಚನಾ ಫಲಕಕ್ಕೆ ಹಾಕುವಾಗ ಹೆಸರು ಮತ್ತು ಸದಸ್ಯತ್ವ ಸಂಖ್ಯೆ ಸಾಕು.
• ಸಂಘದ ವಾಟ್ಸಾಪ್ ಗುಂಪಿನಲ್ಲಿ ‘ಎಲ್ಲರೂ ಆಧಾರ್ ಫೋಟೋ ಹಾಕಿ’ ಎಂದು ಕೇಳಲೇಬೇಡಿ. ಒಬ್ಬರು ಹಾಕಿದರೆ ನೂರು ಫೋನಿನಲ್ಲಿ ಉಳಿಯುತ್ತದೆ.
• ಪ್ರತಿಗಳನ್ನು ಬೀಗ ಹಾಕಿದ ಬೀರುವಿನಲ್ಲಿಡಿ. ಬೀಗದ ಕೈ ಯಾರ ಬಳಿ ಇದೆ ಎಂದು ನಡವಳಿ ಪುಸ್ತಕದಲ್ಲಿ ಬರೆಯಿರಿ.
• ಯಾತಕ್ಕೆ ಬೇಕು, ಕಡ್ಡಾಯವೋ ಐಚ್ಛಿಕವೋ, ಬೇರೆ ದಾಖಲೆ ನಡೆಯುತ್ತದೆಯೇ ಎಂದು ಕೇಳುವವರೇ ಹೇಳಬೇಕು. ಅದು ನಿಯಮ.
• ಕೆಲಸ ಮುಗಿದ ಹೆಚ್ಚುವರಿ ಪ್ರತಿಗಳನ್ನು ರದ್ದಿಗೆ ಹಾಕಬೇಡಿ. ಸುಟ್ಟುಹಾಕಿ ಅಥವಾ ಚೂರು ಮಾಡಿ.

ಹಣ ಹೋಗಿಬಿಟ್ಟರೆ?

ಗಾಬರಿಯಾಗಬೇಡಿ, ತಡವನ್ನೂ ಮಾಡಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಅಂದೇ ಬ್ಯಾಂಕಿಗೆ ಹೋಗಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ನಿಮ್ಮ ತಪ್ಪಿಲ್ಲದೆ ಬೇರೆಯವರಿಂದ ಹಣ ಹೋಗಿ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ದಿನ ಕಳೆದಂತೆ ನಿಮ್ಮ ಪಾಲಿನ ಹೊರೆ ಹೆಚ್ಚುತ್ತದೆ. ಬಳಿಕ ಬೆರಳಚ್ಚಿಗೆ ಬೀಗ ಹಾಕಿಸಿ, ಪೊಲೀಸ್ ಠಾಣೆಯಲ್ಲೂ ದೂರು ಕೊಡಿ. ಆಧಾರ್ ಬಗ್ಗೆ ಏನೇ ಸಂದೇಹವಿದ್ದರೂ 1947ಕ್ಕೆ ಕರೆ ಮಾಡಬಹುದು.

ನಿಮ್ಮ ಆಧಾರ್ ಕಳೆದ ಆರು ತಿಂಗಳಲ್ಲಿ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ವಿವರವೂ ಪ್ರಾಧಿಕಾರದ ಜಾಲತಾಣದಲ್ಲಿ ಸಿಗುತ್ತದೆ. ಹಾಲಿನ ಬಟವಾಡೆ ಚೀಟಿ ನೋಡುವಂತೆ ಅದನ್ನೂ ಆಗಾಗ ನೋಡುತ್ತಿರಿ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದಲ್ಲಿ ಆಧಾರ್ ಪ್ರತಿಗಳು ಎಲ್ಲಿವೆ? ಯಾರು ನೋಡಬಹುದು?
2. ನಮ್ಮ ಸೂಚನಾ ಫಲಕದಲ್ಲಿ ಯಾರದಾದರೂ ಪೂರ್ಣ ಸಂಖ್ಯೆ ಇದೆಯೇ?
3. ಮಹಿಳಾ ಸದಸ್ಯರಲ್ಲಿ ಎಷ್ಟು ಮಂದಿಯ ಆಧಾರ್‌ಗೆ ಅವರದೇ ಮೊಬೈಲ್ ಜೋಡಣೆಯಾಗಿದೆ?
4. ಬೆರಳು ಹೊಂದದ ಹಿರಿಯ ಸದಸ್ಯರಿಗೆ ಸಂಘ ಹೇಗೆ ನೆರವಾಗಬಹುದು?

ಬಂಧುಗಳೇ, ಆಧಾರ್ ಬೇಡ ಎನ್ನುವುದು ಈ ಪಾಠದ ಉದ್ದೇಶವಲ್ಲ. ಕೊಡಬೇಕಾದಲ್ಲಿ ಧೈರ್ಯವಾಗಿ ಕೊಡಿ. ಕೊಡುವ ಮೊದಲು ‘ಯಾತಕ್ಕೆ ಬೇಕು ಸ್ವಾಮಿ?’ ಎಂದು ಒಂದು ಮಾತು ಕೇಳಿ. ಆ ಮಾತು ಕೇಳುವ ಹಕ್ಕು ನಿಮಗಿದೆ, ಉತ್ತರ ಹೇಳುವ ಹೊಣೆ ಅವರಿಗಿದೆ. ಮುಂದಿನ ಸಲ ಜೆರಾಕ್ಸ್ ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಪೆನ್ನೂ ಇರಲಿ.